46 ಕೆ.ಜಿ. ಅತ್ತೆ ಮತ್ತು ಶೇ. 7ರ ಲೆಕ್ಕ

ರಾಣೆಬೆನ್ನೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ: "ನಮ್ಮೂರ ಕ್ಯಾಂಪಿನಲ್ಲಿ ಅತ್ತೆಗೆ ಶುಗರ್ ಬಾರ್ಡರ್‌ನಲ್ಲಿದೆ ಅಂದರು. ಒಂದು ಚೀಟಿನೂ ಕೊಟ್ಟರು. ಓಟ್ಸ್ ತಿನ್ನಿ, ವಾರಕ್ಕೆ 150 ನಿಮಿಷ ವ್ಯಾಯಾಮ ಮಾಡಿ, ಶೇ. 7ರಷ್ಟು ತೂಕ ಇಳಿಸಿ ಅಂತ ಅದರಲ್ಲಿದೆ. ಅತ್ತೆ ಇರೋದೇ 46 ಕೆ.ಜಿ., ದಿನವಿಡೀ ಹೊಲದಲ್ಲಿರ್ತಾರೆ. ಏನು ಇಳಿಸೋದು? ಇದನ್ನೇ ಒಳ್ಳೆ ಕನ್ನಡದಲ್ಲಿ ಬರೆದು ನಮ್ಮ ಸ್ತ್ರೀಶಕ್ತಿ ಸಂಘದಲ್ಲಿ ಹಂಚಿದರೆ ಆಗುತ್ತಾ?"

ಮೇಡಂ, ಕನ್ನಡ ಎಷ್ಟೇ ಚೆನ್ನಾಗಿದ್ದರೂ ಸಾಲದು. ಆ 150, ಆ ಶೇ. 7 ಎರಡೂ ಅಮೆರಿಕದ ಒಂದು ದೊಡ್ಡ ಅಧ್ಯಯನದ ಗುರಿಗಳು. ಅದರ ಫಲಿತಾಂಶ ಬಂದಿದ್ದು 2002ರಲ್ಲಿ. ಶುಗರ್ ಬಾರ್ಡರ್‌ನಲ್ಲಿದ್ದ 3,234 ಜನ ಇದ್ದರು, ಸರಾಸರಿ ಬಿಎಂಐ (ಎತ್ತರಕ್ಕೆ ತೂಕ ಎಷ್ಟು ಅನ್ನುವ ಲೆಕ್ಕ) 34, ಅಂದರೆ ಸಾಕಷ್ಟು ದಪ್ಪಗಿದ್ದವರು. ಅವರಲ್ಲಿ ಒಂದು ಗುಂಪಿಗೆ ಕೋಚ್ ಒಬ್ಬೊಬ್ಬರನ್ನೇ ಕೂರಿಸಿಕೊಂಡು 16 ಪಾಠ ಹೇಳಿಕೊಟ್ಟರು. ಆ ಗುಂಪಿನಲ್ಲಿ ಡಯಾಬಿಟಿಸ್ ಬರುವುದು ಶೇ. 58ರಷ್ಟು ಕಡಿಮೆಯಾಯಿತು. ಅವರ ಮಟ್ಟಿಗೆ ಅದ್ಭುತ ಕೆಲಸವೇ. ಆದರೆ ಆ ಗುರಿ ನಿಮ್ಮ ಅತ್ತೆಯನ್ನು ನೋಡಿ ಇಟ್ಟಿದ್ದಲ್ಲ.

ನಮ್ಮ ಪಕ್ಕದಲ್ಲೇ, ಚೆನ್ನೈನಲ್ಲಿ, ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು ಶುಗರ್ ಬಾರ್ಡರ್‌ನಲ್ಲಿದ್ದ 531 ಜನರ ಮೇಲೆ ಇದೇ ತರಹದ ಪ್ರಯೋಗ ಮಾಡಿ 2006ರಲ್ಲಿ ಪ್ರಕಟಿಸಿದರು. ಇಲ್ಲಿನವರ ಬಿಎಂಐ ಸುಮಾರು 26. ವಿಶೇಷ ಸಲಹೆ ಸಿಗದ ಗುಂಪಿನಲ್ಲಿ ಮೂರು ವರ್ಷದೊಳಗೆ ಶೇ. 55 ಜನರಿಗೆ ಡಯಾಬಿಟಿಸ್ ಬಂದೇಬಿಟ್ಟಿತು! ಅಮೆರಿಕದಲ್ಲಿ ಅಂಥ ಗುಂಪಿನವರಲ್ಲಿ ಅದು ಶೇ. 29ರಷ್ಟಿತ್ತು. ನಾವು ಅಷ್ಟು ದಪ್ಪಗಿಲ್ಲದಿದ್ದರೂ ಅಷ್ಟು ಬೇಗ ಜಾರುತ್ತೇವೆ. ಊಟ, ನಡಿಗೆ ಬದಲಿಸಿಕೊಂಡವರಲ್ಲಿ ಅಪಾಯ ಶೇ. 28.5ರಷ್ಟು ತಗ್ಗಿತು, ಅದೂ ತೂಕ ಇಳಿಯದೆಯೇ. ಇನ್ನೊಂದು ಸಂಗತಿ ನನಗೆ ಬಹಳ ಹಿಡಿಸಿತು: ಮೈಮುರಿದು ದುಡಿಯುವವರಿಗೆ, ದಿನಾ ಅರ್ಧ ಗಂಟೆಗಿಂತ ಜಾಸ್ತಿ ನಡೆಯುವ ಅಥವಾ ಸೈಕಲ್ ತುಳಿಯುವವರಿಗೆ ಅವರು ಹೊಸ ವ್ಯಾಯಾಮ ಹೇಳಲೇ ಇಲ್ಲ, ಮಾಡುತ್ತಿರುವುದನ್ನೇ ಮುಂದುವರಿಸಿ ಅಂದರು. ಹೊಲದಿಂದ ಬಂದ ಹೆಂಗಸಿಗೆ ವಾಕಿಂಗ್ ಹೋಗು ಅನ್ನುವುದು ಎಂಥ ಮಾತು, ಅಲ್ವಾ?

ಹಾಗಾಗಿ ಅತ್ತೆಯ ತೂಕದ ತಂಟೆಗೆ ಹೋಗಬೇಡಿ. ತಟ್ಟೆ ನೋಡಿ. ನಿಮ್ಮ ಕಡೆ ಜೋಳದ ರೊಟ್ಟಿ ಇದೆ, ಓಟ್ಸ್ ಯಾಕೆ ಬೇಕು? ಆದರೆ ರೊಟ್ಟಿ ಆದಮೇಲೆ ತಟ್ಟೆ ತುಂಬ ಅನ್ನ, ಸಂಜೆ ಮಿರ್ಚಿ ಮಂಡಕ್ಕಿ, ನಡುವೆ ನಾಲ್ಕೈದು ಸಲ ಸಕ್ಕರೆ ಚಹಾ ಇದ್ದರೆ ತಗ್ಗಿಸಬೇಕಾದ್ದು ಅಲ್ಲಿದೆ. ಕಾಳು, ಪಲ್ಯ, ಮೊಸರು ಜಾಸ್ತಿಯಾಗಲಿ. ಇದೇ ಮಾತನ್ನು ಮಂಡ್ಯದಲ್ಲಿ ಹೇಳುವಾಗ ಮುದ್ದೆಯ ಗಾತ್ರದಿಂದ, ಮಂಗಳೂರಲ್ಲಿ ಕುಚ್ಚಲಕ್ಕಿ ಗಂಜಿಯಿಂದ ಶುರು ಮಾಡಬೇಕು. ಸಂಘದಲ್ಲಿ ರಂಜಾನ್ ಉಪವಾಸ ಮಾಡುವವರಿದ್ದರೆ ಆ ತಿಂಗಳ ಮಾತೇ ಬೇರೆ. ಅದನ್ನು ಅವರಲ್ಲೇ ಒಬ್ಬರು ಮಾತಾಡಿದರೆ ಚೆನ್ನ.

ಯಾರು ಹೇಳುತ್ತಾರೆ, ಎಲ್ಲಿ, ಯಾವ ಹೊತ್ತಲ್ಲಿ ಅನ್ನುವುದನ್ನೂ ಬದಲಿಸಬೇಕು. ಕೇರಳದಲ್ಲಿ 1,007 ಜನರನ್ನಿಟ್ಟುಕೊಂಡು ಅದನ್ನೇ ಮಾಡಿದರು. ಮತಗಟ್ಟೆ ವ್ಯಾಪ್ತಿಯ ಲೆಕ್ಕದಲ್ಲಿ ಗುಂಪು ಕಟ್ಟಿ, ಗುಂಪಿನವರನ್ನೇ ಮುಂದಾಳು ಮಾಡಿ, ಕೈತೋಟ, ಯೋಗ, ನಡಿಗೆ ಅಂತೆಲ್ಲ ಸೇರಿಸಿದರು. 2018ರಲ್ಲಿ ಫಲಿತಾಂಶ ಬಂತು: ಎರಡು ವರ್ಷದಲ್ಲಿ ಡಯಾಬಿಟಿಸ್ ಬಂದಿದ್ದು ಈ ಗುಂಪುಗಳಲ್ಲಿ ಶೇ. 14.9, ಉಳಿದವರಲ್ಲಿ ಶೇ. 17.1. ಈ ಅಂತರ ಸುಮ್ನೆ ಆಕಸ್ಮಿಕವಾಗಿಯೂ ಬಂದಿರಬಹುದಾದಷ್ಟು ಚಿಕ್ಕದು. ಅಷ್ಟು ಮುತುವರ್ಜಿ ವಹಿಸಿ ಒಗ್ಗಿಸಿಕೊಂಡರೂ ಗೆಲುವು ಗ್ಯಾರಂಟಿ ಇಲ್ಲ, ನೋಡಿ. ಆದರೂ ನಾನಾದರೆ ಚೀಟಿ ಹಂಚುವ ಬದಲು ಇದೇ ದಾರಿ ಹಿಡಿಯುತ್ತೇನೆ. ಒಂದು ಓದಿಗೆ ಚೀಟಿಯ ಕೆಲಸ ಮುಗಿಯುತ್ತದೆ, ಸಂಘದವರು ವಾರವಾರ ಸೇರುತ್ತಾರೆ, ಒಬ್ಬರನ್ನೊಬ್ಬರು ಕೇಳುತ್ತಾರೆ.

ಶುರು ಮಾಡುವುದಾದರೆ ಟೇಲರ್ ಟೇಪ್ ಒಂದು ಸಾಕು. ಸೊಂಟದ ಸುತ್ತಳತೆ ಹೆಂಗಸರಿಗೆ 80 ಸೆಂ.ಮೀ., ಗಂಡಸರಿಗೆ 90 ದಾಟಿದ್ದರೆ ಅವರನ್ನು ಮೊದಲು ರಕ್ತ ಪರೀಕ್ಷೆಗೆ ಕಳಿಸಿ. ಮನೆಯಲ್ಲಿ ಅಪ್ಪ ಅಮ್ಮನಿಗೆ ಶುಗರ್ ಇದ್ದವರನ್ನೂ ಬಿಡಬೇಡಿ, ನಿಮ್ಮ ಅತ್ತೆಯಂತೆ ತೆಳ್ಳಗಿದ್ದರೂ ಸರಿ. 30 ದಾಟಿದವರಿಗೆ ಸರಕಾರದ ತಪಾಸಣೆ ಇದೆ, ಆಶಾ ಕಾರ್ಯಕರ್ತೆಯನ್ನು ಕೇಳಿ. ಅತ್ತೆಯನ್ನು ಒಮ್ಮೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಕ್ಯಾಂಪಿನಲ್ಲಿ ಬೆರಳು ಚುಚ್ಚಿ ನೋಡಿದ್ದಾದರೆ, ಲ್ಯಾಬಿನಲ್ಲಿ ಇನ್ನೊಮ್ಮೆ ನೋಡಿಸುವುದು ಒಳ್ಳೆಯದು.