“ನನಗೇನೂ ಬ್ಯಾಡ” ಅಂದ ಅತ್ತೆ: ವೇಲ್ಸ್ ಪ್ರವಾಸದ ಒಂದು ಪ್ರಕರಣ

(ಕುಟುಂಬದ ಒಪ್ಪಿಗೆ ಪಡೆದು, ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಬರೆದಿದ್ದೇನೆ.)

ಆಪ್ತಸಲಹೆಗೆಂದು ವಿಡಿಯೊ ಕರೆಯಲ್ಲಿ ನನ್ನೊಡನೆ ಮಾತಿಗೆ ಕೂತ ಸೊಸೆಗೆ ನಲವತ್ತರ ಆಸುಪಾಸು. ಗಂಡ, ಹದಿನಾಲ್ಕರ ಮಗಳು, ಒಂಬತ್ತರ ಮಗನ ಜೊತೆ ಬರ್ಮಿಂಗ್‌ಹ್ಯಾಮ್‌ನಲ್ಲಿ ವಾಸ. ಹುಬ್ಬಳ್ಳಿಯ ಅತ್ತೆ ಮಾವ ಆರು ತಿಂಗಳ ವಿಸಿಟರ್ ವೀಸಾದ ಮೇಲೆ ಬಂದಿದ್ದರು. ಬೇಸಿಗೆ ರಜೆ ಶುರುವಾದ ಕೂಡಲೇ ಆರೂ ಜನ ವೇಲ್ಸ್‌ನ ಪಶ್ಚಿಮ ಕರಾವಳಿಯ ಬಾರ್ಮತ್ ಹತ್ತಿರ ವಾರದ ಮಟ್ಟಿಗೆ ಮನೆ ಹಿಡಿದು ಇದ್ದು ಬಂದರು. ಬಂದ ಮೇಲೆ ಮನೆಯಲ್ಲಿ ಮಾತು ನಿಂತಿತ್ತು. “ಇಷ್ಟು ಖರ್ಚು ಮಾಡಿ ಕರ್ಕೊಂಡು ಹೋದ್ರೂ ಅತ್ತಿ ಒಂದಿನಾನೂ ಮನಸ್ಸಿನಿಂದ ನಗಲಿಲ್ರೀ” ಎಂದು ಆಕೆ ಅತ್ತರು.

ವಾರದ ಪಟ್ಟಿ ಪೂರ್ತಿ ಅವರೇ ಮಾಡಿದ್ದು. ಒಂದು ದಿನ ಹಾರ್ಲೆಕ್ ಕೋಟೆ, ಒಂದು ದಿನ ಮೌಧಾಕ್ ನದಿಯ ಪಕ್ಕದ ಹಳೆಯ ರೈಲು ಮಾರ್ಗದಲ್ಲಿ ನಡಿಗೆ, ಒಂದು ದಿನ 893 ಮೀಟರ್ ಎತ್ತರದ ಕಾದೈರ್ ಇದ್ರಿಸ್ ಬೆಟ್ಟದ ಕಡೆಗೆ. ಬೆಳಕು ಹರಿಯುವ ಮುಂಚೆ ಎದ್ದು ಚಪಾತಿ, ಚಿತ್ರಾನ್ನ ಕಟ್ಟುವುದೂ ಅವರೇ. ಅತ್ತೆಯದು ದಿನಾ ಒಂದೇ ಮಾತು: “ನನಗೇನೂ ಬ್ಯಾಡವ್ವಾ, ನೀವು ಹೋಗಿ ಬರ್ರಿ.” ಸೊಸೆ ಬಿಡುತ್ತಿರಲಿಲ್ಲ. ಕರೆದುಕೊಂಡು ಬಂದವರನ್ನು ಮನೆಯಲ್ಲಿ ಕೂರಿಸಿದರೆ ಊರಿನವರು ಏನಂದಾರು ಎಂಬ ಅಳುಕು.

ಬೆಟ್ಟದ ಬುಡದಲ್ಲಿ ಅದುಮಿಟ್ಟ ಅಸಮಾಧಾನ ಒಡೆಯಿತು. ಅತ್ತೆ ಕಾರಿನಿಂದ ಇಳಿಯಲಿಲ್ಲ. ಮಾವ ನಾನೂ ಇಲ್ಲೇ ಇರುತ್ತೇನೆ ಎಂದರು. ಮಗಳು ನಾನೂ ಬರುವುದಿಲ್ಲ ಎಂದಳು. “ನಾ ಮಾಡಿದ್ದು ಯಾವುದೂ ನಿಮಗ ಹಿಡಸೂದಿಲ್ಲ” ಎಂದು ಸೊಸೆ ಎಲ್ಲರೆದುರು ಕೂಗಿದರು. ಗಂಡ ಮೊಬೈಲ್ ನೋಡುತ್ತ ನಿಂತಿದ್ದರಂತೆ.

ಇಂಥ ಪ್ರಕರಣದಲ್ಲಿ ಅತ್ತೆ–ಸೊಸೆ ಜಗಳವೆಂಬ ಚೀಟಿ ಅಂಟಿಸುವುದು ಸುಲಭ. ನನಗೆ ಹಾಗೆ ಅನ್ನಿಸಲಿಲ್ಲ. ವಾರವಿಡೀ “ಬ್ಯಾಡ” ಅಂದವರನ್ನು “ಯಾಕೆ” ಎಂದು ಯಾರೂ ಕೇಳಿರಲಿಲ್ಲ. ಎಲ್ಲರ ಒಪ್ಪಿಗೆಯ ಮೇಲೆ ಅತ್ತೆಯೊಂದಿಗೆ ಒಬ್ಬರೇ ಇರುವಾಗ ಮಾತಾಡಿದೆ. ಮಗ ಕೋಣೆಯಲ್ಲಿ ಇರಬಾರದು ಎಂದು ಅವರೇ ಕೇಳಿಕೊಂಡರು. ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟರು: “ದಾರಿಯಾಗ ಒಂದಕ್ಕ ಬಂದ್ರ ಎಲ್ಲಿ ಹೋಗ್ಲಿ? ತಡಕೊಳ್ಳಾಕ ಆಗೂದಿಲ್ಲ. ಮಗಗ ಹೆಂಗ ಹೇಳ್ಲಿ? ಅದಕ್ಕ ನೀರ ಕುಡೀತಿರಲಿಲ್ಲ.” ಕೆಮ್ಮಿದರೂ ಹನಿ ಜಾರುತ್ತದೆ ಎಂಬುದನ್ನು ಗಂಡನಿಗೂ ಹೇಳಿರಲಿಲ್ಲ.

ಮುಟ್ಟು ನಿಂತ ಎಷ್ಟೋ ಹೆಂಗಸರು ಮದುವೆ, ಜಾತ್ರೆ, ಪ್ರವಾಸಗಳನ್ನು ಇದೇ ಕಾರಣಕ್ಕೆ ತಪ್ಪಿಸಿಕೊಳ್ಳುತ್ತಾರೆ. ನೋಡುವವರಿಗೆ ಅದು ಮುನಿಸಿನಂತೆ ಕಾಣುತ್ತದೆ. ಇದು ನಾಚಿಕೆಪಡುವ ವಿಷಯವಲ್ಲ, ಚಿಕಿತ್ಸೆ ಇದೆ ಎಂದು ಮೊದಲು ಹೇಳಿದೆ. ನೀರು ಬಿಟ್ಟರೆ ಮೂತ್ರ ಗಟ್ಟಿಯಾಗಿ ಮೂತ್ರಕೋಶ ಇನ್ನೂ ಕೆರಳುತ್ತದೆ, ಸೋಂಕಿನ ಭಯವೂ ಹೆಚ್ಚು. ಉರಿ, ಜ್ವರ ಇದ್ದರೆ ಅಲ್ಲಿಯೇ ವೈದ್ಯರನ್ನು ಕಾಣಬೇಕು. ಇಲ್ಲದಿದ್ದರೆ ಹುಬ್ಬಳ್ಳಿಗೆ ಹೋದ ಮೇಲೆ ಸ್ತ್ರೀರೋಗ ತಜ್ಞರಲ್ಲಿಗೆ. ಶ್ರೋಣಿಯ ಸ್ನಾಯುಗಳನ್ನು, ಅಂದರೆ ಮೂತ್ರ ತಡೆಹಿಡಿಯುವ ಕಿಬ್ಬೊಟ್ಟೆ ತಳದ ಸ್ನಾಯುಗಳನ್ನು, ಬಿಗಿಹಿಡಿದು ಬಿಡುವ ವ್ಯಾಯಾಮದಿಂದ ಹಲವರಿಗೆ ಗುಣ ಕಾಣುತ್ತದೆ. ಸೊಸೆಗೆ ನಾನೇ ತಿಳಿಸಲೇ ಎಂದು ಕೇಳಿದೆ. “ನಾನ ಹೇಳ್ತೀನಿ” ಎಂದರು, ಹೇಳಿದರು.

ಮಾವನದು ಬೇರೆಯೇ ಕಥೆ. ಅವರು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಬಾರ್ಮತ್‌ನಲ್ಲಿ ನದೀಮುಖದ ಮೇಲೆ 1867ರಲ್ಲಿ ತೆರೆದ ಮರದ ರೈಲು ಸೇತುವೆ ಇದೆ. ಮುಕ್ಕಾಲು ಕಿಲೋಮೀಟರಿಗೂ ಉದ್ದ, ಪಕ್ಕದಲ್ಲೇ ನಡೆಯುವ ದಾರಿ. 1980ರಲ್ಲಿ ಕಂಬಗಳಿಗೆ ಹಡಗುಹುಳು (ಸಮುದ್ರದ ನೀರಿನಲ್ಲಿ ಮರ ಕೊರೆಯುವ ಜೀವಿ) ಹತ್ತಿದ್ದು ಗೊತ್ತಾಗಿ ದೊಡ್ಡ ದುರಸ್ತಿಯೇ ಬೇಕಾಯಿತು. ವಾರವಿಡೀ ಅವರು ಅದನ್ನು ಕಾರಿನ ಕಿಟಕಿಯಿಂದಷ್ಟೇ ನೋಡಿದ್ದರು. ಯಾಕೆ ಕೇಳಲಿಲ್ಲ ಅಂದರೆ, “ಹುಡುಗರ ಪ್ರೋಗ್ರಾಂ ಕೆಡಸೂದು ಯಾಕ?”

ವಿದೇಶದಲ್ಲಿರುವ ಮಕ್ಕಳು ತಂದೆತಾಯಿಗೆ ಎಲ್ಲವನ್ನೂ ತೋರಿಸಿ ಋಣ ತೀರಿಸಲು ಹೊರಡುತ್ತಾರೆ. ಆ ಪ್ರೀತಿ ನಿಜ. ಆದರೆ ಹಿರಿಯರಿಗೆ ಬರೀ ನೋಡುವ ಕೆಲಸ ಉಳಿಯುತ್ತದೆ, ಆರಿಸುವ ಹಕ್ಕು ಉಳಿಯುವುದಿಲ್ಲ. ಸೆಪ್ಟೆಂಬರಿನ ಒಂದು ವಾರಾಂತ್ಯ ಮತ್ತೆ ಅಲ್ಲಿಗೇ ಹೋಗಬಹುದೇ ಎಂದು ಮೊಮ್ಮಗಳು ಕೇಳಿದ್ದಳಂತೆ. ಹೋಗಿ ಎಂದೆ. ಈ ಸಲ ಆರು ಜನರೂ ಒಂದೊಂದು ಆಸೆ ಹೇಳಬೇಕು, ದಿನಕ್ಕೆ ಒಂದಕ್ಕಿಂತ ಹೆಚ್ಚು ಜಾಗ ಬೇಡ. ಹಗಲು ಎರಡು ಗುಂಪಾಗಿ ಚದುರಿದರೆ ಅದು ಅಗೌರವವಲ್ಲ, ರಾತ್ರಿ ಊಟಕ್ಕೆ ಕೂಡಿದರೆ ಸಾಕು. ಹೊರಡುವ ಮುನ್ನ ಶೌಚಾಲಯ ಎಲ್ಲೆಲ್ಲಿದೆ ಎಂದು ಮಗನೇ ಹುಡುಕಿಡಬೇಕು, ಅವ್ವನ ಬಾಯಲ್ಲಿ ಹೇಳಿಸಬಾರದು. ಮಧ್ಯಾಹ್ನದ ಊಟ ಹೊರಗೆ; ಮಳೆ ಹಿಡಿದರೆ ಮನೆಯಲ್ಲಿ ಹಚ್ಚಿದ ಅವಲಕ್ಕಿ.

ಹೋಗಿ ಬಂದರು. ಮಾವ ಮೊಮ್ಮಗನನ್ನು ಕರೆದುಕೊಂಡು ಸೇತುವೆಯನ್ನು ಆಚೆ ದಡದವರೆಗೂ ನಡೆದು, ಹಡಗು ಸಾಗಲೆಂದು ತಿರುಗುವಂತೆ ಮಾಡಿದ್ದ ಕಬ್ಬಿಣದ ಭಾಗದ ಹತ್ತಿರ ಬಹಳ ಹೊತ್ತು ನಿಂತಿದ್ದರು. ಅತ್ತೆ ಸಮುದ್ರದಂಡೆಯ ಸಪಾಟು ರಸ್ತೆಯ ಬೆಂಚಿನಲ್ಲಿ ಕೂತು ಮೊಮ್ಮಗಳಿಂದ ತಲೆ ಬಾಚಿಸಿಕೊಂಡರು. ಸೊಸೆ ಅಂದು ಒಬ್ಬರೇ ಮರಳಿನಲ್ಲಿ ನಡೆದರು.

ಎಲ್ಲವೂ ಸರಿಹೋಗಿಲ್ಲ. ಬೆಟ್ಟದ ಬುಡದ ಆ ಕೂಗನ್ನು ಅತ್ತೆ ಮರೆತಿಲ್ಲ, ಸೊಸೆ ಕ್ಷಮೆ ಕೇಳಿದ್ದನ್ನು ಒಪ್ಪಿದ್ದಾರಷ್ಟೇ. ಅಡುಗೆ ಈಗಲೂ ಒಬ್ಬರದೇ. ಇಬ್ಬರು ಹೆಂಗಸರ ನಡುವೆ ಸುಮ್ಮನೆ ನಿಲ್ಲುವ ಮಗನ ಅಭ್ಯಾಸವನ್ನು ಇನ್ನೂ ಮುಟ್ಟಿಯೇ ಇಲ್ಲ. ಮುಂದಿನ ಸಲ ಅವರೊಬ್ಬರೇ ಮಾತಿಗೆ ಬರಲಿ ಎಂದು ಕೇಳಿದ್ದೇನೆ, ಬರುತ್ತೇನೆ ಎಂದಿದ್ದಾರೆ.