ವಾಹನ ಪ್ರಶ್ನೋತ್ತರ: ಹಳೆ ಎಂ.ಜಿ. ಕೊಳ್ಳುವ ಮೊದಲು ಬಾಗಿಲು ಎತ್ತಿ ನೋಡಿ

ಪ್ರಶ್ನೆ: 1948ರ ಎಂ.ಜಿ. ಟಿ.ಸಿ. ಸ್ಪೋರ್ಟ್ಸ್ ಕಾರೊಂದು ಮಾರಾಟಕ್ಕಿದೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಗೋದಾಮಿನಲ್ಲಿ ನಿಂತಿತ್ತಂತೆ. ಈಗ ಹೊಸದಾಗಿ ಕೆಂಪು ಬಣ್ಣ ಹೊಡೆಸಿದ್ದಾರೆ, ಎಂಜಿನ್ ಸ್ಟಾರ್ಟ್ ಆಗುತ್ತದೆ. ನೋಡಲು ಒಂದೇ ದಿನ ಕೊಟ್ಟಿದ್ದಾರೆ. ಅಂಬಾಸಿಡರ್ ರಿಪೇರಿಯಲ್ಲಿ ಪಳಗಿದ ಮೆಕ್ಯಾನಿಕ್ ಒಬ್ಬರು ಜೊತೆಗೆ ಬರುತ್ತಾರೆ. ಏನೇನು ನೋಡಬೇಕು?
(ಓದುಗರು, ಕೌಲ್‌ಬಜಾರ್, ಬಳ್ಳಾರಿ)

ಉತ್ತರ: ಮೆಕ್ಯಾನಿಕ್ ಜೊತೆಗೆ ಒಬ್ಬ ಒಳ್ಳೆಯ ಬಡಗಿಯನ್ನೂ ಕರೆದುಕೊಂಡು ಹೋಗಿ. ಈ ಕಾರಿನಲ್ಲಿ ಮೊದಲು ನೋಡಬೇಕಾದದ್ದು ಎಂಜಿನ್ ಅಲ್ಲ, ಮರ. 1945ರಿಂದ 1949ರವರೆಗೆ ಇಂಗ್ಲೆಂಡಿನ ಅಬಿಂಗ್ಡನ್ ಕಾರ್ಖಾನೆಯಲ್ಲಿ ಸುಮಾರು 10,000 ಟಿ.ಸಿ. ಕಾರುಗಳು ತಯಾರಾದವು. ಅಷ್ಟಕ್ಕೂ ಬಾಡಿಯ ಒಳಗಿರುವುದು ಆ್ಯಶ್ ಮರದ ಚೌಕಟ್ಟು. ತಗಡನ್ನು ಅದರ ಮೇಲೆ ಮಡಚಿ, ಮೊಳೆ ಮತ್ತು ಸ್ಕ್ರೂ ಹೊಡೆದು ಕೂರಿಸಿದ್ದಾರೆ. ಎಂಜಿನ್ ಕೆಟ್ಟರೆ ಬಿಚ್ಚಿ ಲೇತಿಗೆ ಒಯ್ಯಬಹುದು, ಎಷ್ಟು ಖರ್ಚಾದೀತು ಎಂದು ಮೊದಲೇ ಲೆಕ್ಕ ಹಾಕಬಹುದು. ಮರ ಹೋಗಿದ್ದರೆ ಇಡೀ ಬಾಡಿಯನ್ನೇ ಕಳಚಬೇಕು. ಆ ಕೆಲಸ ಎಲ್ಲಿಗೆ ಮುಗಿಯುತ್ತದೆ ಎಂದು ಶುರು ಮಾಡುವ ದಿನ ಯಾರೂ ಹೇಳಲಾರರು.

ಸಮುದ್ರ ತೀರದ ಊರುಗಳಲ್ಲಿ ತುಕ್ಕಿನ ಭಯ. ನಮ್ಮ ಬಳ್ಳಾರಿ, ರಾಯಚೂರಿನ ಒಣ ಹವೆಯಲ್ಲಿ ತುಕ್ಕು ಕಡಿಮೆ, ಆದರೆ ಕಾಟ ಕೊಡುವವು ಬೇರೆ ಎರಡಿವೆ. ಒಂದು ಗೆದ್ದಲು, ಮಣ್ಣಿನ ನೆಲದ ಗೋದಾಮಾಗಿದ್ದರಂತೂ ಖಂಡಿತ ಅನುಮಾನಿಸಿ. ಇನ್ನೊಂದು, 40 ಡಿಗ್ರಿ ದಾಟುವ ಬೇಸಿಗೆಗಳಲ್ಲಿ ಒಣಗಿ ಕುಗ್ಗಿದ ಮರದ ಸಡಿಲ ಕೀಲುಗಳು.

ಟಿ.ಸಿ. ಬಾಗಿಲಿನ ಹಿಂಜು ಹಿಂದಿನ ಕಂಬಕ್ಕಿರುತ್ತದೆ, ಬಾಗಿಲು ಮುಂದಿನಿಂದ ತೆರೆಯುತ್ತದೆ. ಪೂರ್ತಿ ತೆರೆದು, ಅದರ ಮುಂತುದಿಯನ್ನು ಎರಡೂ ಕೈಯಿಂದ ಮೆಲ್ಲಗೆ ಮೇಲಕ್ಕೆ ಎತ್ತಿ. ಆಗ ಬಾಗಿಲನ್ನು ನೋಡಬೇಡಿ, ಹಿಂಜಿನ ಸ್ಕ್ರೂಗಳನ್ನು ನೋಡಿ. ಸ್ಕ್ರೂ ಅಲುಗದೆ ಹಿಂಜಿನ ಪಿನ್ ಮಾತ್ರ ಆಡಿದರೆ ಅದು ಸಣ್ಣ ಕೆಲಸ, ಪಿನ್ ಬದಲಿಸಿದರೆ ಮುಗಿಯಿತು. ಹಿಂಜಿನ ಪಟ್ಟಿ ಸ್ಕ್ರೂ ಸಮೇತ ಅಲುಗಿದರೆ ಕಂಬದ ಮರ ಸ್ಕ್ರೂವಿನ ಹಿಡಿತ ಬಿಟ್ಟಿದೆ. ಇಡೀ ಕಂಬವೇ ಅಲುಗಿ ಹೊಸ ಬಣ್ಣದಲ್ಲಿ ಕೂದಲೆಳೆಯಂಥ ಬಿರುಕು ಕಂಡರೆ, ಕಂಬದ ಬುಡದ ಕೀಲೇ ಹೋಗಿದೆ ಎಂದು ತಿಳಿಯಿರಿ.

ಆಮೇಲೆ ಬಡಗಿ ಕಾರಿನ ಕೆಳಗೆ ಮಲಗಲಿ. ಎರಡೂ ಪಕ್ಕದ ಉದ್ದ ತೊಲೆಗಳನ್ನು ಸ್ಕ್ರೂಡ್ರೈವರಿನ ಹಿಡಿಕೆಯಿಂದ ಅರ್ಧ ಅಡಿಗೊಮ್ಮೆ ತಟ್ಟುತ್ತಾ ಹೋಗಬೇಕು. ಗಟ್ಟಿ ಮರ ಬಿಗಿಯಾಗಿ ದನಿ ಕೊಡುತ್ತದೆ, ಗೆದ್ದಲು ತಿಂದದ್ದು ಡಬ್ ಎನ್ನುತ್ತದೆ. ಅನುಮಾನ ಬಂದಲ್ಲಿ ಮಾಲೀಕರ ಒಪ್ಪಿಗೆ ಪಡೆದು ದಬ್ಬಣ ಚುಚ್ಚಿ. ಎರಡು ಮೂರು ಮಿ.ಮೀ. ಹೋಗಿ ನಿಂತರೆ ಸರಿ, ಬೆಲ್ಲದಚ್ಚಿಗೆ ಚುಚ್ಚಿದಂತೆ ಒಳಗಿಳಿದರೆ ಆ ತೊಲೆ ಮುಗಿದಿದೆ. ಅಡಿಭಾಗಕ್ಕೆಲ್ಲ ಹೊಸದಾಗಿ ಕರಿ ಡಾಂಬರಿನಂಥ ಲೇಪ ಬಳಿದಿದ್ದರೆ ಇನ್ನೂ ಎಚ್ಚರ ಬೇಕು, ಗೆದ್ದಲು ಕಟ್ಟಿದ ಮಣ್ಣಿನ ಗೆರೆಗಳು ಅದರಡಿ ಮುಚ್ಚಿಹೋಗುತ್ತವೆ. ಸೀಟು ತೆಗೆಸಿ, ಪ್ಲೈವುಡ್ ನೆಲಹಲಗೆಯನ್ನೂ ಎತ್ತಿಸಿ ನೋಡಿ.

ಆ್ಯಶ್ ಬದಲಿಗೆ ತೇಗ ಹಾಕಿದ್ದರೆ ಗಾಬರಿಯಾಗಬೇಡಿ, ಕೆಲಸ ಅಚ್ಚುಕಟ್ಟಾಗಿದೆಯೇ ಅಷ್ಟೇ ಮುಖ್ಯ. ತೇಗದಲ್ಲಿ ಎಣ್ಣೆಯ ಅಂಶ ಇರುತ್ತದೆ. ಥಿನ್ನರ್‌ನಿಂದ ಒರೆಸದೆ ಅಂಟು ಹಚ್ಚಿದ್ದರೆ ಕೀಲು ಕೆಲವೇ ವರ್ಷಗಳಲ್ಲಿ ಬಿಟ್ಟುಕೊಳ್ಳುತ್ತದೆ.

ಮರದ ನಂತರ ನಂಬರು. ಚಾಸಿ ನಂಬರ್ ಚಾಸಿಯ ಮುಂತುದಿಯ ಲೋಹದಲ್ಲೇ ಕುಟ್ಟಿರುತ್ತದೆ, ಮುಂದೆ ಟಿ.ಸಿ. ಎಂಬ ಅಕ್ಷರಗಳಿರುತ್ತವೆ. ಎಣಿಕೆ ಶುರುವಾದದ್ದು 0251ರಿಂದ, ಅದು ಅಬಿಂಗ್ಡನ್ ಕಾರ್ಖಾನೆಯ ಫೋನ್ ನಂಬರು. ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಸೀಮೆಸುಣ್ಣ ತಿಕ್ಕಿ ಓದಿ. ಸುತ್ತ ಗ್ರೈಂಡರ್ ಆಡಿಸಿದ ಗುರುತು, ವಕ್ರವಾದ ಅಂಕಿ, ತೇಪೆಯಂತೆ ಬೆಸೆದ ತಗಡು ಕಂಡರೆ ಮಾತುಕತೆಯನ್ನು ಅಲ್ಲಿಗೇ ನಿಲ್ಲಿಸಿ. ಎಂಜಿನ್ ನಂಬರ್ ಎಂಟು ಮೂಲೆಯ ಹಿತ್ತಾಳೆ ಬಿಲ್ಲೆಯ ಮೇಲೆ ಎಕ್ಸ್‌ಪಿಎಜಿ ಎಂದು ಶುರುವಾಗುತ್ತದೆ. ಬಿಲ್ಲೆಯನ್ನು ಒಂದು ಬ್ಲಾಕಿನಿಂದ ಇನ್ನೊಂದಕ್ಕೆ ಕೂರಿಸುವುದು ಸುಲಭ, ಹಾಗಾಗಿ ಅದನ್ನು ಚಾಸಿ ನಂಬರಿನಷ್ಟು ನಂಬಬೇಡಿ. ಎರಡೂ ಆರ್.ಸಿ. ಪುಸ್ತಕದಲ್ಲಿರುವುದಕ್ಕೆ ಅಕ್ಷರಶಃ ಹೊಂದಬೇಕು.

ಟೇಪು ಹಿಡಿದು ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿನವರೆಗೆ ಎರಡೂ ಪಕ್ಕ ಅಳೆಯಿರಿ. 94 ಇಂಚು ಬರಬೇಕು. ಒಂದು ಪಕ್ಕ ಅರ್ಧ ಇಂಚು ಕಡಿಮೆ ಬಂದರೆ ಚಾಸಿ ಇಲ್ಲವೇ ಮುಂದಿನ ಆಕ್ಸಲ್ ಏಟು ತಿಂದಿದೆ. ಮುಂದಿನ ಚಕ್ರ ಜಾಕ್ ಮೇಲೆತ್ತಿ, ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿ. ಪ್ಲೇ, ಅಂದರೆ ಸಡಿಲ ಆಟ, ಇದ್ದರೆ ಒಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಪ್ಲೇ ಮಾಯವಾದರೆ ಬೇರಿಂಗ್ ದೋಷ, ಉಳಿದರೆ ಚಕ್ರ ಎಡಬಲ ತಿರುಗುವ ಕೀಲಾದ ಕಿಂಗ್‌ಪಿನ್ ಸವೆದಿದೆ. ತಂತಿ ಚಕ್ರದ ಕಡ್ಡಿಗಳ ಮೇಲೆ ಪೆನ್ಸಿಲ್ ಆಡಿಸುತ್ತಾ ಸುತ್ತು ಬನ್ನಿ, ಸಡಿಲ ಕಡ್ಡಿ ಮಂಕು ದನಿಯಿಂದಲೇ ಗೊತ್ತಾಗುತ್ತದೆ. ಹ್ಯಾಂಡ್‌ಬ್ರೇಕ್ ಹಾಕಿ, ಹಿಂದಿನ ಚಕ್ರ ಎತ್ತಿ ಹಿಂದೆ ಮುಂದೆ ತಿರುಗಿಸಿದಾಗ ಟಕ್ ಎಂದರೆ ಹಬ್ಬಿನ ಹಲ್ಲು ಸವೆದಿದೆ. ಅದನ್ನು ಹಾಗೇ ಓಡಿಸಿದರೆ ಒಂದು ದಿನ ಚಕ್ರ ನಿಂತು ಹಬ್ಬು ಮಾತ್ರ ತಿರುಗುತ್ತದೆ. ಇದು 4.50-19 ಅಳತೆಯ ಕಾರಿನ ಟೈರು ಬೇಡುವ ಚಕ್ರ. ಅಳತೆ ಹೊಂದುತ್ತದೆಂದು ಬೈಕಿನ 19 ಇಂಚಿನ ಟೈರು ಹಾಕಿದ್ದರೆ ಅದರ ಮೇಲೆ ಪರೀಕ್ಷೆಗೂ ವೇಗ ಹೋಗಬೇಡಿ, ಅದು ಕಾರಿನ ಭಾರಕ್ಕೆ ಮಾಡಿದ್ದಲ್ಲ.

ಎಂಜಿನ್ ವಿಷಯಕ್ಕೆ ಬಂದರೆ, ನೀವು ಹೋಗುವಾಗ ಅದು ತಣ್ಣಗಿರಬೇಕೆಂದು ಮೊದಲೇ ಹೇಳಿ. ರೇಡಿಯೇಟರ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ತಣ್ಣಗಾಗುವವರೆಗೆ ಕಾಯಿರಿ. 1250 ಸಿ.ಸಿ.ಯ ಈ ಎಂಜಿನ್ ಬಿಸಿಯಾದ ಮೇಲೆ ಓಡುವಾಗ ಆಯಿಲ್ ಗೇಜು 40 ಪೌಂಡಿನ ಮೇಲಿರಬೇಕು. ಕಂಪ್ರೆಷನ್ ನೋಡುವಾಗ ನಾಲ್ಕೂ ಪ್ಲಗ್ ಬಿಚ್ಚಿ, ಆಕ್ಸಲರೇಟರ್ ಪೂರ್ತಿ ಒತ್ತಿ ಹಿಡಿಯಿರಿ. ಎಲ್ಲವೂ 100 ಪೌಂಡ್ ದಾಟಿ, ಒಂದಕ್ಕೊಂದು ಶೇಕಡಾ ಹತ್ತರ ವ್ಯತ್ಯಾಸದೊಳಗಿದ್ದರೆ ತೃಪ್ತಿ. ಕಡಿಮೆ ಬಂದ ಸಿಲಿಂಡರಿಗೆ ಒಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿ. ಏರಿದರೆ ರಿಂಗು, ಏರದಿದ್ದರೆ ವಾಲ್ವು. ಪಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಕಡಿಮೆ ಬಂದರೆ ಹೆಡ್ ಗ್ಯಾಸ್ಕೆಟ್ ನೋಡಿ. ಈ ಹೆಡ್ಡುಗಳು ವಾಲ್ವ್ ಸೀಟಿನ ಬಳಿ ಬಿರುಕು ಬಿಡುವುದೂ ಉಂಟು.

ನಿಮ್ಮ ಮೆಕ್ಯಾನಿಕ್‌ಗೆ ಒಂದು ಮಾತು ಮುಂಚೆಯೇ ಹೇಳಿ. ಈ ಎಂಜಿನ್ ಮತ್ತು ಗೇರ್‌ಬಾಕ್ಸಿನ ಬೋಲ್ಟುಗಳ ತಲೆ ಹಳೆ ಬ್ರಿಟಿಷ್ ಅಳತೆಯ ವಿಟ್‌ವರ್ತ್ ಸ್ಪ್ಯಾನರಿಗೆ ಹೊಂದುತ್ತದೆ, ಮರೆ (ಥ್ರೆಡ್) ಮಾತ್ರ ಮೆಟ್ರಿಕ್: 8 ಮಿ.ಮೀ. ದಪ್ಪ, 1 ಮಿ.ಮೀ. ಪಿಚ್, ಅಂದರೆ ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ಅಂತರ. ಅಂಗಡಿಯಲ್ಲಿ ಸಿಗುವ ಸಾಮಾನ್ಯ 8 ಮಿ.ಮೀ. ಬೋಲ್ಟಿನ ಪಿಚ್ 1.25. ಅದನ್ನು ಒತ್ತಾಯದಿಂದ ತಿರುಗಿಸಿದರೆ ಎರಡು ಸುತ್ತು ಹೋಗಿ, ಆಮೇಲೆ ಬ್ಲಾಕಿನ ಮರೆಯನ್ನೇ ಕೊಯ್ದು ಹಾಕುತ್ತದೆ. ಹಳೆ ಎಂಜಿನ್ ಮೇಲೆ ಹೊಳೆಯುವ ಹೊಸ ಬೋಲ್ಟುಗಳು ಕಂಡಲ್ಲೆಲ್ಲ ಬೆರಳಿನಿಂದ ಬಿಗಿ ನೋಡಿ.

ಹೊಸ ಬ್ಯಾಟರಿ ಜೋಡಿಸುವ ಮುನ್ನ ಅದರ ಯಾವ ತಂತಿಯನ್ನು ಕಾರಿನ ಲೋಹಕ್ಕೆ (ಅರ್ತ್) ಕೊಟ್ಟಿದ್ದಾರೆ ನೋಡಿ. ಈ ಕಾರಿನಲ್ಲಿ ಮೂಲತಃ ಅರ್ತ್‌ಗೆ ಹೋಗುವುದು ಪ್ಲಸ್. ಇನ್ನು ಹುಡ್, ಸೀಟು ಹರಿದಿದ್ದರೆ ಅದನ್ನು ದೋಷವೆಂದು ಎಣಿಸುವುದೇ ಬೇಡ. ಜೀನ್ಸ್ ಹೊಲಿಯುವ ಊರಿನಲ್ಲಿ ದಪ್ಪ ಬಟ್ಟೆ ಹೊಲಿಯುವ ಯಂತ್ರಕ್ಕೂ ಕೈಗೂ ಕೊರತೆಯಿಲ್ಲ. ಹಳೆಯ ಹುಡ್ಡನ್ನು ಮಾತ್ರ ಎಸೆಯಬೇಡಿ, ಅಳತೆಗೆ ಅದೇ ಬೇಕು.

ಪ್ರಶ್ನೆ: ಎಂ.ಜಿ.ಎ. 1500 ಕಾರು ನೋಡಿ ಬಂದೆ. ಬಾಗಿಲಿಗೂ ಬಾನೆಟ್ಟಿಗೂ ಆಯಸ್ಕಾಂತ ಅಂಟಲೇ ಇಲ್ಲ. ಅಷ್ಟೂ ಪುಟ್ಟಿಯೇ? ಎಂಜಿನ್ ಅಂಬಾಸಿಡರಿನದು ಎಂದೂ ಕೆಲವರು ಹೇಳುತ್ತಾರೆ.
(ಓದುಗರು, ರಾಯಚೂರು)

ಉತ್ತರ: ಅಂಟಬಾರದು, ಅದೇ ಸರಿ. 1955ರಿಂದ 1962ರವರೆಗೆ ಬಂದ ಎಂ.ಜಿ.ಎ.ಯ ಬಾಗಿಲಿನ ಹೊರ ತಗಡು, ಬಾನೆಟ್, ಡಿಕ್ಕಿ ಮುಚ್ಚಳ ಅಲ್ಯೂಮಿನಿಯಂನವು. ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಮಡ್‌ಗಾರ್ಡಿಗೆ, ಬಾಗಿಲ ಕೆಳಗಿನ ಸಿಲ್ಲಿಗೆ, ಬಾಗಿಲಿನ ಹಿಂದೆ ಮುಂದೆ ಇರುವ ಕಂಬಗಳ ಬುಡಕ್ಕೆ ಹಿಡಿಯಿರಿ. ಅಲ್ಲಿ ಅಂಟದಿದ್ದರೆ ಪುಟ್ಟಿ. ಸೀಟಿನ ಹಿಂದೆ ಎರಡು 6 ವೋಲ್ಟ್ ಬ್ಯಾಟರಿಗಳ ತೊಟ್ಟಿಲುಗಳಿವೆ, ಆ್ಯಸಿಡ್ ಸೋರಿ ಮೊದಲು ಕೊಳೆಯುವುದು ಅವೇ. ಚಾಸಿಯ ನಡುವಿಗೆ ಜಾಕ್ ಕೊಟ್ಟು ಸ್ವಲ್ಪ ಎತ್ತಿದಾಗ ಬಾಗಿಲಿನ ಸಂದು ಬದಲಾದರೆ ಕಾರಿನ ಬೆನ್ನೇ ದುರ್ಬಲವಾಗಿದೆ.

ಎಂಜಿನ್ ಬಗ್ಗೆ ಜನ ಹೇಳುವುದರಲ್ಲಿ ಹುರುಳಿದೆ. ಎಂ.ಜಿ.ಎ. 1500ರ 1489 ಸಿ.ಸಿ. ಎಂಜಿನ್ನೂ ಹಳೆ ಅಂಬಾಸಿಡರಿನ 1489 ಸಿ.ಸಿ. ಎಂಜಿನ್ನೂ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ (ಬಿ.ಎಂ.ಸಿ.) ಒಂದೇ ಬಿ ಸರಣಿಯವು, ಹಾಗಾಗಿ ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತದೆ. ಬ್ಲಾಕಿಗೆ ರಿವೆಟ್ ಹೊಡೆದ ಪುಟ್ಟ ಪಟ್ಟಿಯಲ್ಲಿ 15ಜಿಬಿ ಅಥವಾ 15ಜಿಡಿ ಇದೆಯೇ ನೋಡಿ. ಎರಡು ಎಸ್.ಯು. ಕಾರ್ಬುರೇಟರ್ ಕೂರಿಸಿದ ಮಾತ್ರಕ್ಕೆ ಅದು ಎಂ.ಜಿ. ಎಂಜಿನ್ ಆಗುವುದಿಲ್ಲ, ಹೆಡ್ಡು, ಕ್ಯಾಮ್‌ಶಾಫ್ಟ್ ಬೇರೆಬೇರೆ. ಅಂಬಾಸಿಡರ್ ಎಂಜಿನ್ ಆಗಿದ್ದರೆ ದಿನನಿತ್ಯ ಓಡಿಸಲು ಅನುಕೂಲವೇ, ಬಿಡಿಭಾಗ ಸುಲಭ. ಆದರೆ ಬೆಲೆಯನ್ನು ಗಟ್ಟಿಯಾಗಿ ಇಳಿಸಿ ಕೇಳಿ. ವಿಂಟೇಜ್ ನೋಂದಣಿ ಕೇಳುವಾಗ ಎಂಜಿನ್ ಮೂಲದ್ದಲ್ಲ ಎಂಬುದು ಅಡ್ಡ ಬರುತ್ತದೆ.

ಪ್ರಶ್ನೆ: ಕಾರಿನ ಮಾಲೀಕರು ತೀರಿಕೊಂಡಿದ್ದಾರೆ, ಮಗ ಮಾರುತ್ತಿದ್ದಾರೆ. ಆರ್.ಸಿ. ಹೈದರಾಬಾದ್ ರಾಜ್ಯದ ಕಾಲದ್ದು. ತೊಂದರೆಯೇ?
(ಓದುಗರು, ಗಂಗಾವತಿ, ಕೊಪ್ಪಳ ಜಿಲ್ಲೆ)

ಉತ್ತರ: ರಾಯಚೂರು, ಕೊಪ್ಪಳ ಸೀಮೆ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು, ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿತ್ತು. ಹಾಗಾಗಿ ಹಳೆ ಪುಸ್ತಕದಲ್ಲಿ ಬೇರೆ ರಾಜ್ಯದ ಮೊಹರು ಸಹಜ. ಆ ಪುಸ್ತಕ ನಿಮಗೆ ಚಿನ್ನ, ಏಕೆಂದರೆ ವಿಂಟೇಜ್ ಎನಿಸಲು ಬೇಕಾದ 50 ವರ್ಷವನ್ನು ಎಣಿಸುವುದು ಮೊದಲ ನೋಂದಣಿಯ ದಿನದಿಂದ. ಕಾರು ಈಗ ಯಾವ ಆರ್.ಟಿ.ಒ. ದಾಖಲೆಯಲ್ಲಿದೆಯೋ ಅಲ್ಲಿಂದ ಬಿ ಎಕ್ಸ್‌ಟ್ರಾಕ್ಟ್ (ಕಾರಿನ ನೋಂದಣಿ ವಿವರಗಳ ನಕಲು) ತೆಗೆಸಿ, ನಂಬರುಗಳನ್ನು ಹೊಂದಿಸಿ ನೋಡಿ. ಅದಕ್ಕಿಂತ ಮೊದಲು ಮುಂಗಡ ಕೊಡಬೇಡಿ.

ಮಗನೊಬ್ಬನ ಸಹಿ ಸಾಲದು. ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರೆಲ್ಲರ ಒಪ್ಪಿಗೆ ಬೇಕು. ಕಾರು ಮೊದಲು ನಮೂನೆ 31ರಲ್ಲಿ ವಾರಸುದಾರರ ಹೆಸರಿಗೆ ಬರಲಿ, ನಂತರ 29 ಮತ್ತು 30ರಲ್ಲಿ ನಿಮಗೆ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳನ್ನು ಬಿಟ್ಟು ಮಾಡಿದ ಕಾಗದ ಮುಂದೆ ತಕರಾರಿಗೆ ದಾರಿ.

2021ರ ಕೇಂದ್ರ ನಿಯಮದಂತೆ ವಿಂಟೇಜ್ ನೋಂದಣಿಗೆ ನಮೂನೆ 20ರಲ್ಲಿ ಅರ್ಜಿ, ವಿಮೆ, ಹಳೆ ಆರ್.ಸಿ. ಬೇಕು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಮರುನೋಂದಣಿಗೆ 5,000 ರೂಪಾಯಿ. ಮೊದಲೇ ನೋಂದಣಿಯಾದ ಕಾರು ತನ್ನ ಹಳೆ ನಂಬರನ್ನು ಉಳಿಸಿಕೊಳ್ಳಬಹುದು. ಆದರೆ ವಿಂಟೇಜ್ ಎಂದು ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿಯಂಥ ಕೆಲಸಕ್ಕೆ ಮಾತ್ರ ರಸ್ತೆಗಿಳಿಸಬಹುದು, ಬಾಡಿಗೆಗೆ ಕೊಡುವಂತಿಲ್ಲ.

ಪ್ರಶ್ನೆ: ಟಿ.ಸಿ. ಕೊಂಡಾಗಿದೆ. ಅದಿರಿನ ದೂಳು, ಈಗಿನ ಪೆಟ್ರೋಲು, ಬೋರ್‌ವೆಲ್ ನೀರು ಇವಕ್ಕೆ ಏನು ಮಾಡಲಿ?
(ಓದುಗರು, ಸಂಡೂರು)

ಉತ್ತರ: ದೂಳು ಮೊದಲು ಕೆಡಿಸುವುದು ಎಸ್.ಯು. ಕಾರ್ಬುರೇಟರನ್ನು. ಅದರೊಳಗಿನ ಪಿಸ್ಟನ್ ಎತ್ತಿ ಬಿಟ್ಟರೆ ಠಕ್ ಎಂದು ಬೀಳಬೇಕು. ತಡೆದು ಇಳಿದರೆ ಪೆಟ್ರೋಲಿನಲ್ಲಿ ತೊಳೆದು ಬಟ್ಟೆಯಿಂದ ಒರೆಸಿ, ಎಮರಿ ಕಾಗದ ಮುಟ್ಟಿಸಲೇಬೇಡಿ. ಥ್ರಾಟಲ್ ಕಡ್ಡಿ ಅಡ್ಡಕ್ಕೆ ಅಲುಗಿದರೆ ಅಲ್ಲಿಂದ ಗಾಳಿ ಎಳೆಯುತ್ತಿದೆ, ಎಷ್ಟು ಟ್ಯೂನ್ ಮಾಡಿದರೂ ಐಡ್ಲಿಂಗ್ ಒಂದೇ ಸಮ ಬರದು. ಬುಶ್ ಹಾಕಿಸಿ. ಏರ್ ಕ್ಲೀನರಿನ ಜಾಲರಿಯನ್ನು ತೊಳೆದು, ಒಣಗಿಸಿ, ಎಂಜಿನ್ ಆಯಿಲ್ ಹಚ್ಚಿಡಿ.

ದೇಶದಲ್ಲಿ 2000ರಿಂದ ಸೀಸವಿಲ್ಲದ ಪೆಟ್ರೋಲೇ ಸಿಗುವುದು. ಹಾಗೆಂದು ಅದಕ್ಕಾಗಿಯೇ ಹೆಡ್ ಬಿಚ್ಚಬೇಕಿಲ್ಲ. ಮುಂದೆ ಬೇರೆ ಕಾರಣಕ್ಕೆ ಬಿಚ್ಚಿದಾಗ ಎಕ್ಸಾಸ್ಟ್ ಕಡೆ ಗಡಸು ಸೀಟು ಕೂರಿಸಿ. ಎಥನಾಲ್ ಬೆರೆತ ಪೆಟ್ರೋಲು ಮಾತ್ರ ಕಾಯಲು ಬಿಡುವುದಿಲ್ಲ. ಹಳೆ ರಬ್ಬರ್ ಪೈಪು, ಪಂಪಿನ ಡಯಾಫ್ರಂ, ಬೆಂಡಿನ (ಕಾರ್ಕ್) ಸೀಲುಗಳನ್ನು ಮೊದಲ ವಾರದಲ್ಲೇ ಎಥನಾಲ್ ತಡೆಯುವಂಥವಕ್ಕೆ ಬದಲಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ, ಎಥನಾಲ್ ನೀರು ಹೀರಿ ತಳದಲ್ಲಿ ತುಕ್ಕು ಹಿಡಿಸುತ್ತದೆ.

ಬೋರ್‌ವೆಲ್ ನೀರನ್ನು ರೇಡಿಯೇಟರಿಗೆ ಹಾಕಬೇಡಿ. ಗಡಸು ನೀರಿನ ಸುಣ್ಣ ಬ್ಲಾಕಿನ ಹಿಂಭಾಗದಲ್ಲಿ ಗಟ್ಟಿಯಾಗಿ ಕೂತು, ಕೊನೆಯ ಸಿಲಿಂಡರನ್ನು ಬೇಯಿಸುತ್ತದೆ. ಬ್ಲಾಕಿನ ಡ್ರೈನ್ ನಲ್ಲಿ ತೆರೆದಾಗ ನೀರು ಬಾರದಿದ್ದರೆ ತಂತಿಯಿಂದ ಕೆದಕಿ, ಕೆಂಪು ರಾಡಿ ಪೂರ್ತಿ ಇಳಿಯುವವರೆಗೆ ತೊಳೆದು, ಆಮೇಲೆ ಡಿಸ್ಟಿಲ್ಡ್ ನೀರಿಗೆ ಕೂಲೆಂಟ್ ಬೆರೆಸಿ ತುಂಬಿಸಿ.