ಪ್ಲಾಕ್ಸಿಸ್ ಕೋರ್ಸ್‌ಗೆ ದುಡ್ಡು ಕಟ್ಟುವ ಮುಂಚೆ

ಪ್ರಶ್ನೆ: ಜಿಯೋಟೆಕ್ನಿಕಲ್ ಎಂ.ಟೆಕ್ ಮುಗಿಸಿ ಬೆಂಗಳೂರಿನ ಮಣ್ಣು ಪರೀಕ್ಷೆ ಕಂಪನಿಯೊಂದರಲ್ಲಿ ಕೆಲವು ವರ್ಷಗಳಿಂದ ಇದ್ದೇನೆ. ಬೋರ್‌ಹೋಲ್ ಹತ್ತಿರ ನಿಲ್ಲುವುದು, ರಿಪೋರ್ಟ್ ಬರೆಯುವುದು, ಇಷ್ಟೇ ಕೆಲಸ. ಡಿಸೈನ್ ಕಡೆ ಹೋಗಬೇಕು. ಮಣ್ಣಿನ ವರ್ತನೆ ಲೆಕ್ಕ ಹಾಕುವ ಸಾಫ್ಟ್‌ವೇರ್ ಪ್ಲಾಕ್ಸಿಸ್‌ನ ಕೋರ್ಸ್ ಸೇರಲಾ, ಪೈಥಾನ್ ಪ್ರೋಗ್ರಾಮಿಂಗ್ ಕಲಿಯಲಾ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಎರಡೂ ಬೇಕು, ಆದರೆ ಪ್ಲಾಕ್ಸಿಸ್ ಕೊನೆಗೆ.

ನಿಮ್ಮ ಹತ್ತಿರ ಡಿಸೈನ್ ಆಫೀಸಿನವರಿಗೆ ಇಲ್ಲದ ಒಂದು ಆಸ್ತಿ ಇದೆ: ರಾಶಿ ರಾಶಿ ಬೋರ್‌ಲಾಗ್, ಅಂದರೆ ಯಾವ ಆಳದಲ್ಲಿ ಯಾವ ಮಣ್ಣು ಸಿಕ್ಕಿತು ಅನ್ನುವ ದಾಖಲೆ. ಪೈಥಾನ್ ಅಲ್ಲಿಂದಲೇ ಶುರು ಮಾಡಿ. ಎಸ್‌ಪಿಟಿಯ (ಸುತ್ತಿಗೆಯಿಂದ ಕೊಳವೆಯನ್ನು ಮಣ್ಣಿಗೆ ಬಡಿದಿಳಿಸುವ ಪರೀಕ್ಷೆ) ಎನ್ ವ್ಯಾಲ್ಯೂ, ಅಂದರೆ 30 ಸೆಂ.ಮೀ. ಇಳಿಯಲು ಬೇಕಾದ ಏಟುಗಳ ಸಂಖ್ಯೆ, ಅದನ್ನು ತಿದ್ದುವ ಲೆಕ್ಕವನ್ನೇ ತಗೊಳ್ಳಿ. ಈ ಪರೀಕ್ಷೆಯ ಭಾರತೀಯ ಮಾನದಂಡ ಐಎಸ್ 2131 ಪ್ರಕಾರ ಮೊದಲು ಮೇಲಿನ ಮಣ್ಣಿನ ಭಾರದ ತಿದ್ದುಪಡಿ. ಆಮೇಲೆ ನೀರಿನ ಮಟ್ಟದ ಕೆಳಗಿನ ನುಣ್ಣನೆ ಮರಳು, ಸಿಲ್ಟ್ ಆಗಿದ್ದು ಎನ್ 15 ದಾಟಿದ್ದರೆ, ಹೆಚ್ಚಿದ್ದರಲ್ಲಿ ಅರ್ಧ ಮಾತ್ರ ಲೆಕ್ಕಕ್ಕೆ. 29 ಇದ್ದದ್ದು 22 ಆಗುತ್ತದೆ. ಜೇಡಿಮಣ್ಣಿಗೂ ಇದನ್ನೇ ಸುಮ್ನೆ ಎಳೆದು ಹಾಕಿದ ಎಕ್ಸೆಲ್ ಶೀಟುಗಳು ಎಷ್ಟಿಲ್ಲ! ಇನ್ನೊಂದು ತಾಪತ್ರಯ, ಗಟ್ಟಿ ಪದರದಲ್ಲಿ ಸೈಟಿನವರು '50/10 ಸೆಂ.ಮೀ.' (50 ಏಟಿಗೆ 10 ಸೆಂ.ಮೀ. ಮಾತ್ರ ಇಳಿಯಿತು) ಅಂತ ಬರೆದಿರುತ್ತಾರೆ, ಎಕ್ಸೆಲ್‌ನ ಆವರೇಜ್ ಫಾರ್ಮುಲಾ ಅದನ್ನು ಅಕ್ಷರ ಅಂದುಕೊಂಡು ಸದ್ದಿಲ್ಲದೆ ಬಿಟ್ಟುಬಿಡುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಇಂಥದ್ದನ್ನು ಹಿಡಿಯುವ ಪುಟ್ಟ ಪ್ರೋಗ್ರಾಂ ನೀವೇ ಬರೆಯಿರಿ. ಪೈಥಾನ್‌ನ ಪಾಂಡಾಸ್ (ಪಟ್ಟಿಗಳ ಲೆಕ್ಕಕ್ಕೆ), ಮ್ಯಾಟ್‌ಪ್ಲಾಟ್‌ಲಿಬ್ (ಗ್ರಾಫ್‌ಗೆ) ಸಾಕು, ಎರಡೂ ಉಚಿತ. ಬೋರ್‌ಹೋಲ್‌ಗಳನ್ನು ನಕ್ಷೆ ಮೇಲೆ ಕೂರಿಸಲು ಕ್ಯೂಜಿಐಎಸ್ ಕಲಿಯಿರಿ, ಅದಕ್ಕೂ ದುಡ್ಡಿಲ್ಲ.

ಆಮೇಲೆ ಇಳಿಜಾರು ಜಾರುತ್ತದೋ ನಿಲ್ಲುತ್ತದೋ ಅನ್ನುವ ಲೆಕ್ಕ. ಅದರ ಸಾಫ್ಟ್‌ವೇರ್‌ಗಳಾದ ಸ್ಲೈಡ್ ಅಥವಾ ಸ್ಲೋಪ್ ಡಬ್ಲ್ಯೂ, ಯಾವುದಾದರೂ ಒಂದು. ಒಂದು ಇಳಿಜಾರನ್ನು ಬಿಷಪ್ ವಿಧಾನದಲ್ಲಿ (ಜಾರುವ ಮಣ್ಣನ್ನು ಹೋಳು ಹೋಳಾಗಿ ಮಾಡಿ ಲೆಕ್ಕ ಹಾಕುವುದು) ಕೈಯಲ್ಲೇ ಲೆಕ್ಕ ಮಾಡಿ, ಸಾಫ್ಟ್‌ವೇರ್ ಉತ್ತರದ ಜೊತೆ ತಾಳೆ ನೋಡಿ. ನೀರಿನ ಮಟ್ಟವನ್ನು ಒಂದು ಮೀಟರ್ ಏರಿಸಿ ಮತ್ತೆ ನೋಡಿ. ಶಿರಾಡಿ ಘಾಟಿಯಲ್ಲಿ ಮಳೆಗಾಲದಲ್ಲೇ ಯಾಕೆ ಜಾಸ್ತಿ ಗುಡ್ಡ ಜಾರುತ್ತದೆ ಅಂತ ಆಗ ಅಂಕಿಯಲ್ಲೇ ಕಾಣುತ್ತದೆ.

ಪ್ಲಾಕ್ಸಿಸ್ ಕೊನೆಗೆ ಅಂದದ್ದು ಯಾಕೆ ಗೊತ್ತಾ? 2004ರ ಏಪ್ರಿಲ್ 20ರಂದು ಸಿಂಗಪುರದ ನಿಕೋಲ್ ಹೈವೇ ಪಕ್ಕದಲ್ಲಿ ಮೆಟ್ರೋಗಾಗಿ ಅಗೆಯುತ್ತಿದ್ದ ಗುಂಡಿ ಕುಸಿದು ನಾಲ್ವರು ಸತ್ತರು. ಅಡ್ಡ ತೊಲೆಗಳ ಜೋಡಣೆಯಲ್ಲೂ ದೋಷ ಇತ್ತು. ಆದರೆ ನಮಗೆ ಬೇಕಾದ್ದು ಇನ್ನೊಂದು ಕಾರಣ: ಮೆತ್ತನೆಯ ಸಮುದ್ರ ಜೇಡಿಯ ಅನ್‌ಡ್ರೈನ್ಡ್ (ಮಣ್ಣೊಳಗಿನ ನೀರು ಹೊರಹೋಗಲು ಸಮಯ ಸಿಗದ ಸ್ಥಿತಿಯ) ಲೆಕ್ಕಕ್ಕೆ ಎಫೆಕ್ಟಿವ್ ಸ್ಟ್ರೆಸ್‌ನ (ನೀರಿನ ಒತ್ತಡ ಕಳೆದು ಮಣ್ಣಿನ ಕಣಗಳ ಮೇಲೆ ಬೀಳುವ ಒತ್ತಡ) ಸಿ, ಫೈ, ಅಂದರೆ ಅಂಟು ಮತ್ತು ಘರ್ಷಣೆಯ ಅಂಕಿ ಕೊಟ್ಟು, ಮಣ್ಣಿನ ಬಲದ ಮೋರ್-ಕೂಲಂಬ್ ಮಾಡೆಲ್ ಓಡಿಸಿದ್ದರು, 'ಮೆಥಡ್ ಎ' ಅಂತಾರಲ್ಲ, ಅದು. ಮಣ್ಣು ಇದ್ದದ್ದಕ್ಕಿಂತ ಗಟ್ಟಿ ಅಂತ ಕಂಪ್ಯೂಟರ್ ನಂಬಿತು, ಗೋಡೆ ಎಷ್ಟು ಬಾಗುತ್ತದೆ ಅನ್ನುವುದು ಕಡಿಮೆ ಬಂತು. ಸಾಫ್ಟ್‌ವೇರ್‌ನದೇನೂ ತಪ್ಪಿರಲಿಲ್ಲ. ಯಾವ ಬಟನ್ ಎಲ್ಲಿ ಅಂತ ತೋರಿಸುವ ವಾರಾಂತ್ಯದ ಕೋರ್ಸ್‌ಗಳು ಇಂಥದ್ದನ್ನು ಕಲಿಸುತ್ತವೆ ಅಂತ ನನಗಂತೂ ಅನಿಸುವುದಿಲ್ಲ. ಸೇರುವ ಮುಂಚೆ ಡ್ರೈನ್ಡ್ (ನೀರು ಹೊರಹೋಗುವ ಸ್ಥಿತಿ), ಅನ್‌ಡ್ರೈನ್ಡ್ ಬಗ್ಗೆ ಎಷ್ಟು ಕ್ಲಾಸ್ ಇದೆ ಅಂತ ಕೇಳಿ. ಉತ್ತರ ತಡವರಿಸಿದರೆ ದುಡ್ಡು ಉಳಿಸಿಕೊಳ್ಳಿ.

ಹೊರದೇಶದ ಯೋಚನೆ ಇದ್ದರೆ ಎಜಿಎಸ್ ಫಾರ್ಮ್ಯಾಟ್ ಕೂಡ ನೋಡಿಕೊಳ್ಳಿ. ಬ್ರಿಟನ್, ಹಾಂಗ್‌ಕಾಂಗ್, ಸಿಂಗಪುರದ ಕಡೆ ಬೋರ್‌ಹೋಲ್ ಮಾಹಿತಿ ಅದರಲ್ಲೇ ಓಡಾಡುತ್ತದೆ. ಪೈಥಾನ್ ಬಂದವರಿಗೆ ಅದೇನು ಕಷ್ಟವಲ್ಲ.